ಮುಳ್ಳಿಲ್ಲದ ಕಡ್ಡಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸುದ್ದಿಯನ್ನು ಒಂದೇ ಪತ್ರಿಕೆಗೆ ಬರೆದು ನಿವೃತ್ತನಾದವನು ನಾನು. ಅಪಘಾತ, ಆನೆ ದಾಳಿ, ರೇಷ್ಮೆ ಗೂಡಿನ ಮಾರುಕಟ್ಟೆಯ ಧಾರಣೆ, ನಗರಸಭೆಯ ಜಗಳ ಎಲ್ಲವೂ ನನ್ನ ಕೈಯಲ್ಲಿ ಹಾದುಹೋಗಿವೆ. ಆದರೂ ಬಸ್ ನಿಲ್ದಾಣದಲ್ಲಿ ಯಾರಾದರೂ ಗುರುತು ಹಿಡಿದರೆ ಕೇಳುವುದು ಒಂದೇ: ‘ಗುಲಾಬಿ ಬರೀತಿದ್ದೋರಲ್ವಾ ಸಾ?’

ಗುಲಾಬಿ ಬರೆಯುವ ಕೆಲಸವನ್ನು ನಾನು ಕೇಳಿ ಪಡೆದದ್ದಲ್ಲ. ಮೈಸೂರು ಕಚೇರಿಯ ಮುಖ್ಯಸ್ಥರು ಒಂದು ಸಭೆಯಲ್ಲಿ ಎಲ್ಲರ ಮುಂದೆ, ‘ನೀವು ಕಳಿಸೋ ಸುದ್ದೀಲಿ ಸಾಯದೇ ಇರೋರು ಯಾರಾದರೂ ಇದ್ದಾರೇನ್ರೀ?’ ಎಂದರು. ಎಲ್ಲರೂ ನಕ್ಕರು. ಮುಂದಿನ ವಾರದಿಂದ ಜಿಲ್ಲಾ ಪುಟದ ಮೂಲೆಯಲ್ಲಿ ಮನೆಯಂಗಳದ ಗಿಡಗಳ ಬಗ್ಗೆ ಒಂದು ಅಂಕಣ ಬರೆಯಬೇಕೆಂದು ಆದೇಶವಾಯಿತು. ಗಿಡಗಳ ವಿಷಯದಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿರುವವರನ್ನು ಹುಡುಕಿ ಕೇಳುವುದು, ಇಬ್ಬರು ಒಂದೇ ಮಾತು ಹೇಳಿದರೆ ಮಾತ್ರ ಬರೆಯುವುದು, ಇಷ್ಟು ಗೊತ್ತಿತ್ತು. ವರ್ಷಗಟ್ಟಲೆ ಅಂಕಣ ನಡೆಯಲು ಅಷ್ಟೇ ಸಾಕಾಯಿತು.

ವರದಿಗಾರಿಕೆಗೆ ಹೊಸದಾಗಿ ಬರುತ್ತಿರುವವರಿಗೆ ಉಪಯೋಗವಾಗುವಂತೆ ಸಾಧನೆಯ ಬಗ್ಗೆ ಬರೆದುಕೊಡಿ ಎಂದು ಗೆಳೆಯರು ಕೇಳಿದ್ದಾರೆ. ಸಾಧನೆ ಎನ್ನುವಂಥದ್ದು ನನ್ನ ಬಳಿ ಹೆಚ್ಚಿಲ್ಲ. ಸರಿಯಾಗಿ ಅಚ್ಚಾಗದ ಒಂದು ಗಿಡದ ಸುದ್ದಿ ಇದೆ. ಅದು ಅರ್ಥವಾಗಬೇಕಾದರೆ ಬಳ್ಳಿ ಗುಲಾಬಿಯ ವಿಷಯ ಸ್ವಲ್ಪ ಗೊತ್ತಿರಬೇಕು. ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲ ಪಾಠ ಕಲಿಸಿದವರು ಯಳಂದೂರಿನ ಒಬ್ಬ ಮೇಷ್ಟ್ರು. ನೀರು ಹಾಕುವುದು ತಾವು, ಹೂವು ಬಿಡುವುದು ಪಕ್ಕದ ಮನೆಯ ತಾರಸಿಯ ಮೇಲೆ ಎಂಬುದು ಅವರ ದೂರು. ‘ನನ್ನ ಹೂವು ನನ್ನ ಎದುರಿಗೇ ಅವರ ದೇವರ ತಲೆ ಮೇಲೆ ಹೋಗುತ್ತೆ. ಪುಣ್ಯ ಯಾರ ಖಾತೆಗೆ ಅಂತ ಒಂದು ಅಂಕಣ ಬರೀರಿ’ ಎಂದರು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಹೆಸರು ಬಳ್ಳಿ ಗುಲಾಬಿ ಎಂದಿದ್ದರೂ ಅದು ತಾನಾಗಿ ಏನನ್ನೂ ಹಿಡಿದು ಹತ್ತುವುದಿಲ್ಲ, ನಾವೇ ಕಟ್ಟಬೇಕು. ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ತುದಿಯಲ್ಲಿ ಮಾತ್ರ ಹೂವು. ಅಡ್ಡಕ್ಕೆ ಬಾಗಿಸಿ ಗೋಡೆಯುದ್ದಕ್ಕೂ ಕಟ್ಟಿದರೆ ಒಂದೊಂದು ಗಿಣ್ಣೂ ಚಿಗುರುತ್ತದೆ, ಒಂದೊಂದು ಚಿಗುರಿನಲ್ಲೂ ಹೂವು ಬರುತ್ತದೆ. ಮೇಷ್ಟ್ರು ಹಾಗೆಯೇ ಕಟ್ಟಿದರು. ಪಕ್ಕದ ಮನೆಯವರು ಮಾತು ಬಿಟ್ಟರು.

ಕಟ್ಟುವುದರಲ್ಲೂ ಒಂದು ತೊಡಕಿತ್ತು. ಕೊಳ್ಳೇಗಾಲದಲ್ಲಿ ಏನಾದರೂ ಕಟ್ಟಬೇಕೆಂದರೆ ಕೈಗೆ ಮೊದಲು ಸಿಗುವುದು ಮಗ್ಗದ ಕೆಳಗೆ ಬಿದ್ದ ರೇಷ್ಮೆ ನೂಲು. ಅದು ಬೇಗ ಕೊಳೆಯುವುದಿಲ್ಲ, ಹಿಗ್ಗುವುದೂ ಇಲ್ಲ. ಮಳೆಗಾಲದಲ್ಲಿ ಕಡ್ಡಿ ದಪ್ಪವಾದಾಗ ನೂಲು ತೊಗಟೆಯೊಳಗೆ ಹೂತುಹೋಗಿ ಅಲ್ಲಿಂದ ಮುಂದಕ್ಕೆ ಕಡ್ಡಿ ಒಣಗುತ್ತದೆ. ರೋಗ ಬಂತೆಂದು ಫೋನ್ ಮಾಡುತ್ತಿದ್ದ ಹಲವರಿಗೆ, ಹಳೆಯ ಬಟ್ಟೆಯ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿ ಎಂದಷ್ಟೇ ಹೇಳಬೇಕಾಗುತ್ತಿತ್ತು.

ಇನ್ನೊಂದು ಪಾಠ ಶಾಗ್ಯ ಎಂಬ ಹಳ್ಳಿಯಿಂದ ಬಂತು. ಗುಲಾಬಿಯ ಹೇನಿಗೆ ಯಾವ ಔಷಧಿ ಸಿಂಪಡಿಸಬೇಕೆಂಬ ಪ್ರಕಟಣೆಯೊಂದು ಕಚೇರಿಗೆ ಬಂದಿತ್ತು. ಅದನ್ನು ಅಂಕಣಕ್ಕೆ ಸೇರಿಸುವ ಮೊದಲು, ಅಲ್ಲಿನ ಪರಿಚಯದ ರೈತ ಮಹಿಳೆಗೆ ಫೋನಿನಲ್ಲಿ ಓದಿ ಹೇಳಿದೆ. ಅವರು, ‘ಸಾ, ನಮ್ ಕಿಟಕಿ ಪಕ್ಕದಲ್ಲೇ ಗುಲಾಬಿ. ಒಳಗ ಉಳ ಮೂರ್ನೇ ಜ್ವರ ಎದ್ದವೆ. ಊವುಕ್ ಔಷ್ದಿ ಒಡುದ್ರ ಉಳ ಎಲ್ಲಿಗೋಗವು?’ ಎಂದರು. ಜ್ವರ ಎಂದರೆ ರೇಷ್ಮೆ ಹುಳು ಪೊರೆ ಬಿಡುವ ಹಂತ. ಔಷಧಿಯ ಗಾಳಿ ತಾಕಿದರೂ ಸಾಕು, ಇಡೀ ಬೆಳೆ ಸಾಯುತ್ತದೆ. ಪ್ರಕಟಣೆ ಬರೆದವರು ಹುಳು ಸಾಕುವ ಮನೆಯನ್ನು ಯೋಚಿಸಿರಲಿಲ್ಲ. ನೀರು ರಭಸವಾಗಿ ಚಿಮುಕಿಸಿ ಹೇನನ್ನು ಉದುರಿಸಿ ಎಂದು ಬದಲಿಸಿ ಬರೆದೆ. ಎಲ್ಲಿಗೋ ಬರೆದದ್ದನ್ನು ನಮ್ಮೂರಿಗೆ ಹಾಗೆಯೇ ಹಾಕಬಾರದು.

ಅಂಕಣದ ಓದುಗರಲ್ಲಿ ಗೌರಮ್ಮ ಒಬ್ಬರು. ಕೊಳ್ಳೇಗಾಲದ ನೇಕಾರರ ಬೀದಿಯವರು. ಗಂಡ ಸಿದ್ದರಾಜು ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ ಟೆಂಪೊ ಓಡಿಸುತ್ತಿದ್ದ. ಅಜ್ಜೀಪುರದ ಬೇಸಾಯದ ಮನೆಯಿಂದ ಬಂದ ಸೊಸೆ ಮಂಗಳಾ ಮನೆಗೆಲಸ ನೋಡಿಕೊಳ್ಳುತ್ತಿದ್ದಳು. ಬಾಗಿಲ ಪಕ್ಕ, ಜಗಲಿಗೂ ಚರಂಡಿಗೂ ನಡುವಿನ ಗೇಣಗಲ ಮಣ್ಣಿನಲ್ಲಿ ಗೌರಮ್ಮ ಒಂದು ಕೆಂಪು ಬಳ್ಳಿ ಗುಲಾಬಿ ಬೆಳೆಸಿದ್ದರು. ಅಂಕಣ ಓದಿ ಅದರ ಕಡ್ಡಿಗಳನ್ನು ಗೋಡೆಯುದ್ದಕ್ಕೂ ಅಡ್ಡಡ್ಡ ಕಟ್ಟಿ, ಆಮೇಲೆ ಫೋನ್ ಮಾಡಿದರು. ‘ಗಿಣ್ಗಿಣ್ಣಿಗೂ ಬಿಟ್ಟದೆ ಸಾ. ಬೀದೀಲೋಗೋರು ನಿಂತ್ಕಂಡು ನೋಡ್ತಾವ್ರೆ. ನೀವೂ ಒಂದ್ಸಾರಿ ಬಂದು ನೋಡ್ಕಂಡೋಗಿ.’

ಬರುತ್ತೇನೆ ಎಂದೆ. ಆ ವರ್ಷ ಚುನಾವಣೆಯ ಓಡಾಟವಿತ್ತು, ಹೋಗಲಾಗಲಿಲ್ಲ. ನಾನು ಆ ಬಾಗಿಲಿಗೆ ಹೋಗುವ ಹೊತ್ತಿಗೆ ಗೌರಮ್ಮ ಕಾಯಿಲೆಯಿಂದ ಬಹಳ ದಿನ ಮಲಗಿ ತೀರಿಕೊಂಡಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಸುದ್ದಿ ಬರೆದು, ಲಕೋಟೆಗೆ ಹಾಕಿ, ಮೈಸೂರು ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆ. ಬಸ್ಸು ಕೆಟ್ಟರೆ ಸುದ್ದಿಯೂ ಕೆಟ್ಟಿತು. ಕೊನೆಯ ವರ್ಷಗಳಲ್ಲಿ ದಾರಿ ತಿರುಗಿತು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ಮೊದಲು ಮೈಸೂರು ಮುಟ್ಟುತ್ತಿತ್ತು, ಅಲ್ಲಿಂದ ನನಗೆ ಫೋನ್ ಬರುತ್ತಿತ್ತು. ಅಂದೂ ಹಾಗೆಯೇ ಆಯಿತು. ‘ನಿಮ್ಮೂರಲ್ಲಿ ಸತ್ತವಳ ಗುಲಾಬಿ ಕೆಂಪಿಂದ ಬಿಳಿಗೆ ತಿರುಗಿದೆಯಂತೆ. ವಿಡಿಯೊ ಓಡ್ತಾ ಇದೆ. ಫೋಟೊ ಸಮೇತ ಕಳಿಸಿ’ ಎಂದರು ಮುಖ್ಯಸ್ಥರು.

ಬೀದಿಯಲ್ಲಿ ಜನ ಸೇರಿದ್ದರು. ಗೌರಮ್ಮನ ಗೋಡೆಯ ಮೇಲೆ ಚಿಕ್ಕ ಚಿಕ್ಕ ಬಿಳಿ ಹೂವಿನ ಗೊಂಚಲುಗಳು ತುಂಬಿದ್ದವು. ಬುಡದಲ್ಲಿ ಯಾರೋ ಊದುಬತ್ತಿ ಹಚ್ಚಿದ್ದರು. ವರ್ಷದ ಎಡೆ, ಎಂದರೆ ತೀರಿಕೊಂಡವರಿಗೆ ವರ್ಷ ತುಂಬಿದ ದಿನ ಊಟವಿಡುವ ಶಾಸ್ತ್ರ, ಹತ್ತಿರವಿತ್ತು. ಗೌರಮ್ಮನ ಎಡೆಗೆ ಅವರದೇ ಕೆಂಪು ಹೂವು ಇಡಬೇಕೆಂದು ಮನೆಯವರು ಗಿಡ ಮೊಗ್ಗಾಗುವುದನ್ನೇ ಕಾದಿದ್ದರು. ಅರಳಿದ್ದು ಬಿಳಿ.

ಎದುರು ಮನೆಯ ಪುಟ್ಟತಾಯಮ್ಮ ನನಗೆ ವಿವರ ಕೊಟ್ಟರು. ‘ಮುತ್ತೈದೆ ಸಾವು ಸತ್ತವ್ಳು ಸಾ ಅವ್ಳು, ಅಣೆ ತುಂಬ ಕುಂಕುಮ ಇಟ್ಕಂಡು. ಅವ್ಳ ಗಿಡ ಬೆಳ್ಳಗಾಯ್ತದೆ ಅಂದ್ರ ಏನರ್ಥ? ಒಟ್ಟೆ ಉರ್ಕಂಡು ಓಗವ್ಳೆ. ಕೊನ್ಗಾಲದಲ್ಲಿ ನೋಡ್ಕಂಡೋಳು ಯಾರು, ಗಿಡಕ್ ನೀರಾಕ್ದೋಳು ಯಾರು, ಕೇಳ್ಕಳಿ.’

ಕೇಳಬೇಕಾದವಳು ಬಾಗಿಲೊಳಗೆ ನಿಂತಿದ್ದಳು. ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲವಿತ್ತು. ಎಡೆಯ ದಿನ ಮಂಗಳಾ ಮನೆಯಲ್ಲಿ ಇರಬಾರದು, ಆಮೇಲಿನದನ್ನು ಆಮೇಲೆ ನೋಡೋಣ ಎಂದು ನೆಂಟರು ತೀರ್ಮಾನಿಸಿದ್ದರು. ಆಮೇಲೆ ಎನ್ನುವುದು ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು.

ಊದುಬತ್ತಿಯನ್ನು ಪಕ್ಕಕ್ಕಿಟ್ಟು ಬುಡದ ಮಣ್ಣನ್ನು ಕೈಯಿಂದ ಸರಿಸಿದೆ. ನರ್ಸರಿಯ ಗುಲಾಬಿ ಒಂದು ಗಿಡವಲ್ಲ, ಎರಡು. ಗಟ್ಟಿಯಾದ ಒಂದು ಕಾಡುಗಿಡದ ಬೇರಿನ ಮೇಲೆ ನಮಗೆ ಬೇಕಾದ ಹೂವಿನ ಮೊಗ್ಗನ್ನು ಕಸಿ ಕಟ್ಟಿರುತ್ತಾರೆ. ಕಸಿ ಕಟ್ಟಿದ ಜಾಗ ಗಂಟಿನಂತೆ ಉಬ್ಬಿರುತ್ತದೆ. ಗಂಟಿನ ಮೇಲಿಂದ ಬಂದದ್ದು ನಮ್ಮ ಗುಲಾಬಿ, ಕೆಳಗಿನಿಂದ ಬಂದದ್ದು ಕಾಡಿನದು. ಕೆಳಗಿನದನ್ನು ಕಂಡಕೂಡಲೇ ಕಿತ್ತುಹಾಕಬೇಕು. ಇಲ್ಲವಾದರೆ ಅದು ಮೇಲಿನದರ ಊಟವನ್ನೂ ತಿಂದು ಬೆಳೆಯುತ್ತದೆ. ಏಳೆಲೆ ಇದ್ದರೆ ಕಾಡುಗಿಡ, ಐದೆಲೆ ಇದ್ದರೆ ಗುಲಾಬಿ ಎನ್ನುವವರಿದ್ದಾರೆ. ಅದನ್ನು ಪೂರ್ತಿ ನಂಬುವಂತಿಲ್ಲ. ಮಣ್ಣು ಸರಿಸಿ ನೋಡುವುದೇ ಸರಿ.

ಇಲ್ಲಿ ಗಂಟಿನ ಮೇಲೆ ಒಣಗಿ ಕಪ್ಪಾದ ಮೋಟುಗಳು ಮಾತ್ರ ಉಳಿದಿದ್ದವು. ಒಂದೊಂದನ್ನೂ ಮತ್ತೆ ಮತ್ತೆ ಕತ್ತರಿಸಿದ್ದರು. ಗೋಡೆಯ ಮೇಲಿನ ಬಿಳಿ ಹೂವಿನ ಕಡ್ಡಿಗಳೆಲ್ಲ ಗಂಟಿನ ಕೆಳಗಿನಿಂದ ಎದ್ದಿದ್ದವು. ಬೆರಳಾಡಿಸಿದರೆ ನುಣುಪು, ಒಂದು ಮುಳ್ಳೂ ಇಲ್ಲ.

‘ಇಲ್ಲಿ ಮುಳ್ಳಿನ ಕಡ್ಡಿ ಇದ್ದವಲ್ಲ, ಯಾರು ಕತ್ತರಿಸಿದ್ದು?’ ಎಂದು ಕೇಳಿದೆ.

‘ಇನ್ಯಾರು?’ ಎಂದರು ಪುಟ್ಟತಾಯಮ್ಮ.

‘ನಾನಲ್ಲ ಸಾ’ ಎಂದಳು ಮಂಗಳಾ. ಅಷ್ಟೇ ಹೇಳಿದಳು. ಇನ್ನೊಂದು ಮಾತು ಹೇಳಿದ್ದರೆ ಬೇರೆಯವರ ಹೆಸರು ಬರುತ್ತಿತ್ತು.

ಒಳಗೆ ಮಗ್ಗದ ಸದ್ದು ನಿಂತಿತು. ಸಿದ್ದರಾಜು ನನ್ನನ್ನು ಒಳಕ್ಕೆ ಕರೆದು ಬಾಗಿಲು ಮುಂದೆ ಮಾಡಿದರು.

ರೇಷ್ಮೆಯ ಹಾಸು, ಎಂದರೆ ಸೀರೆಯ ಉದ್ದದ ನೂಲನ್ನು, ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟಿ ಎಳೆ ಬಿಡಿಸುತ್ತಾರೆ. ಅವರ ಬೀದಿ ಕಿರಿದು. ಹಾಸು ಗೌರಮ್ಮನ ಗೋಡೆಗೆ ತಾಕಿಕೊಂಡೇ ಹಾಯುತ್ತಿತ್ತು. ಗಾಳಿ ಬಂದರೆ ಎಳೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು.

‘ಅವ್ಳು ಓಡಾಡ್ಕಂಡಿದ್ದಾಗ ಆಸು ಎಳ್ಯೋ ದಿನ ಕಡ್ಡಿ ಮ್ಯಾಲೆ ಸೀರೆ ಒದ್ಸಿ ಕಾಯ್ತಾ ನಿಂತ್ಕಳಳು’ ಎಂದರು ಸಿದ್ದರಾಜು. ‘ಮಲಿಕಂಡ್ ಮ್ಯಾಲೆ ಯಾರು ಕಾಯೋರು? ಸಿಕ್ಸಿಕ್ಕಿದ್ ಮುಳ್ ಕಡ್ಡಿ ಕುಯ್ದೆ. ನುಣ್ಣನ್ ಕಡ್ಡಿ ಚೆನ್ನಾಗ್ ಬತ್ತಿತ್ತು. ಮುಳ್ಳಿಲ್ಲ, ಇದ್ನೇ ಬುಟ್ರಾಯ್ತು ಅಂದ್ಕಂಡೆ. ಗಿಡ ಒಂದೇ ಅಲ್ವಾ ಅಂದ್ಕಂಡೆ ಸಾ.’

ನೇಕಾರರಲ್ಲದವರು ಈ ತಪ್ಪು ಮಾಡುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಹೂವು ನೋಡಿ ಕಡ್ಡಿ ಉಳಿಸುತ್ತಾರೆ. ಇವರು ನೂಲು ನೋಡಿ ಉಳಿಸಿದ್ದರು. ಬಿಳಿ ಹೂವು ಬಿಟ್ಟದ್ದು ಕಾಡುಗಿಡ, ಕೆಂಪು ಗುಲಾಬಿ ಸತ್ತು ಬಹಳ ದಿನವಾಗಿದೆ ಎಂದು ನಾನು ಬಿಡಿಸಿ ಹೇಳಿದೆ. ಅವರು ಮಗ್ಗದ ಹಲಗೆಯನ್ನು ಹಿಡಿದುಕೊಂಡರು.

‘ದಿನಾ ಕೇಳಳು, ಬಿಟ್ಟದಾ ಅಂತ. ಬಿಟ್ಟದೆ ಅನ್ನೋನು. ಒಂದಿನ, ತಂದ್ಕೊಡಿ ಒಂದು, ಅಂದ್ಲು. ಬಸ್ಟ್ಯಾಂಡತ್ರ ಅಂಗ್ಡೀಲಿ ಕೆಂಪುದ್ ಒಂದ್ ತಕಂಡ್ ಬಂದು ಕೊಟ್ಟೆ. ಮೂಸ್ ನೋಡಿ ಪಕ್ಕಕ್ ಮಡುಗುದ್ಲು. ಇದು ನಮ್ ಗಿಡದ್ದಲ್ಲ ಕಣ್ರೀ ಅಂದ್ಲು. ಆಮೇಕ್ ಕೇಳ್ನೇ ಇಲ್ಲ.’

ನಾನು ಅವರನ್ನು ಸಮಾಧಾನ ಮಾಡಲಿಲ್ಲ. ಅದು ನನ್ನ ಕೆಲಸವಲ್ಲ, ನನಗೆ ಬರುವುದೂ ಇಲ್ಲ. ಹೊರಗೆ ಚೀಲ ಹಿಡಿದು ನಿಂತಿರುವ ಸೊಸೆಯ ವಿಷಯ ಕೇಳಿದೆ. ‘ನನಗೆ ಹೇಳಿದ್ದನ್ನು ಬಾಗಿಲು ತೆಗೆದು ಅವರಿಗೂ ಹೇಳಿಬಿಡಿ.’

‘ಬಾಯಲ್ಲೇಳಕ್ಕಾಗಲ್ಲ ಸಾ. ಎಲ್ಲಾ ನನ್ ಜತೇಲೇ ಆಸು ಇಡ್ಯೋರು. ನೀವು ಬರೀರಿ. ಪೇಪರಲ್ ಬಂದ್ರ ಎಲ್ರಿಗೂ ಒಂದೇ ಸಾರಿ ಗೊತ್ತಾಯ್ತದೆ.’

‘ನಿಮ್ಮ ಹೆಸರು ಹಾಕಿಯೇ ಬರೆಯುತ್ತೇನೆ. ಹೆಸರಿಲ್ಲದೆ ಬರೆದರೆ ಅವಳ ಮೇಲೇ ಬರುತ್ತೆ.’

‘ಎಸ್ರು ಆಕಿ ಸಾ.’

ಪೇಪರ್ ಬರುವವರೆಗೆ ಮಂಗಳಾ ಹೋಗುವುದು ಬೇಡ ಎಂದು ಅವರೇ ಹೊರಗೆ ಬಂದು ಹೇಳಿದರು. ಅವಳು ಚೀಲವನ್ನು ಒಳಗೆ ತೆಗೆದುಕೊಂಡು ಹೋದಳು.

ಸುದ್ದಿ ಚಿಕ್ಕದಾಗಿ ಬರೆದೆ. ಸಂಪಾದಕೀಯ ಮೇಜಿನವರು ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸುತ್ತಾರೆ. ಅದು ಗೊತ್ತಿದ್ದರಿಂದ ಸಿದ್ದರಾಜು ಅವರ ಹೇಳಿಕೆಯನ್ನು ಎರಡನೆಯ ವಾಕ್ಯದಲ್ಲೇ ಇಟ್ಟೆ. ಈ ಸಾಲು ತೆಗೆಯಬೇಡಿ ಎಂದು ಮೇಲೆ ಸೂಚನೆಯನ್ನೂ ಹಾಕಿದೆ.

ಬೆಳಿಗ್ಗೆ ಪತ್ರಿಕೆ ತೆರೆದಾಗ ಸುದ್ದಿ ಇತ್ತು, ಫೋಟೊ ದೊಡ್ಡದಾಗಿತ್ತು. ಬಿಳಿ ಹೂವು ಪವಾಡವಲ್ಲ, ಕೆಂಪು ಹೂವಿನ ಕಡ್ಡಿಗಳನ್ನು ಕತ್ತರಿಸಿದ್ದೇ ಕಾರಣ ಎಂಬುದೂ ಇತ್ತು. ಯಾರು ಕತ್ತರಿಸಿದ್ದೆಂದು ಹೇಳುವ ಎರಡನೆಯ ವಾಕ್ಯವೂ ಅದರ ಮುಂದಿನದೂ ಇರಲಿಲ್ಲ.

ಫೋನ್ ಮಾಡಿದೆ. ‘ಮನೆಯೊಳಗಿನ ವಿಷಯ ನಮಗೆ ಯಾಕ್ರೀ? ನಾಳೆ ಆ ಮನುಷ್ಯ ನಾನು ಹೇಳೇ ಇಲ್ಲ ಅಂತ ನೋಟಿಸ್ ಕಳಿಸಿದರೆ?’ ಎಂದರು ಮುಖ್ಯಸ್ಥರು. ತಿದ್ದುಪಡಿ ಹಾಕಿ ಎಂದೆ. ‘ಹೂವಿನ ಸುದ್ದಿಗೆ ತಿದ್ದುಪಡಿ ಕೇಳಿದ ಮೊದಲ ವರದಿಗಾರ ನೀವು’ ಎಂದು ನಕ್ಕು ಫೋನ್ ಇಟ್ಟರು. ಅವರು ಕೆಟ್ಟವರಲ್ಲ. ನನ್ನ ಇನ್ನೆಷ್ಟೋ ಸುದ್ದಿಗಳನ್ನು ಅಪಾಯದಿಂದ ತಪ್ಪಿಸಿದ್ದರು. ಆ ಬೀದಿ ಅವರ ಕಣ್ಣ ಮುಂದೆ ಇರಲಿಲ್ಲ, ಅಷ್ಟೇ.

ನಾನು ಹೋಗುವ ಹೊತ್ತಿಗೆ ಬೀದಿಯಲ್ಲಿ ಯಾರದೋ ಹಾಸು ಎಳೆದು ಕಟ್ಟಿದ್ದರು. ಸಿದ್ದರಾಜು ಒಂದು ತುದಿಯಲ್ಲಿ ಎಳೆ ಬಿಡಿಸುತ್ತಿದ್ದರು. ಪುಟ್ಟತಾಯಮ್ಮನ ಕೈಯಲ್ಲಿ ಪತ್ರಿಕೆ ಇತ್ತು.

‘ಇಷ್ಟ್ ದಿನ ಸೊಸೆ ಕಣ್ಣು ಬಿದ್ದು ಇಂಗಾಯ್ತು ಅಂತಿದ್ವಿ’ ಎಂದರು ಅವರು. ‘ಕಣ್ಣಲ್ಲ, ಕೈಯಿ. ಕುಯ್ದವ್ರೇ ಕಾರಣ ಅಂತ ಪೇಪರ್ನೋರೇ ಬರ್ದವ್ರೆ. ಅತ್ತೆ ಮಲಿಕಂಡಿದ್ದಾಗ್ಲೇ ಗಿಡ ಕುಯ್ದಾಕವ್ಳೆ.’

‘ಕತ್ತರಿಸಿದ್ದು ಮಂಗಳಾ ಅಲ್ಲ, ಸಿದ್ದರಾಜು. ಅವರೇ ನನಗೆ ಹೇಳಿದ್ದಾರೆ’ ಎಂದೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

‘ಅಂಗಿದ್ರ ಅದ್ನ ಬರೀಬೇಕಿತ್ತಲ್ಲ ಸಾ? ಇದ್ರಲ್ಲಿಲ್ವಲ್ಲ’ ಎಂದರು ಪುಟ್ಟತಾಯಮ್ಮ, ಪತ್ರಿಕೆಯನ್ನು ನನ್ನ ಕಡೆ ಚಾಚಿ.

ನಾನು ಸಿದ್ದರಾಜು ಅವರ ಮುಖ ನೋಡಿದೆ. ಬೀದಿಯೂ ನೋಡಿತು. ಅವರು ಎಳೆಯಿಂದ ಕಣ್ಣು ತೆಗೆಯಲಿಲ್ಲ.

‘ಪೇಪರ್ನೋರು ಸರ್ಯಾಗೇ ಬರ್ದವ್ರೆ’ ಎಂದರು.

ಮಂಗಳಾ ಹೊರಗೆ ಬಂದಾಗ ಚೀಲ ಅವಳ ಕೈಯಲ್ಲಿತ್ತು. ಬಾಗಿಲ ಮುಂದೆ ಹಾಯ್ದಿದ್ದ ಹಾಸಿನ ಕೆಳಗೆ, ಒಂದು ಎಳೆಯೂ ತಾಕದಂತೆ ಬಗ್ಗಿ ದಾಟಿದಳು. ಗಂಡನ ಟೆಂಪೊ ಮನೆಯ ಮುಂದೆಯೇ ನಿಂತಿತ್ತು. ಅವನು ಒಳಗಿದ್ದ, ಹೊರಗೆ ಬರಲಿಲ್ಲ. ಅವಳು ಹನೂರು ಬಸ್ಸಿಗೆ ನಡೆದೇ ಹೋದಳು.

ಅಂಕಣ ಇನ್ನೂ ಸ್ವಲ್ಪ ಕಾಲ ನಡೆಯಿತು. ಕಸಿ ಗಂಟಿನ ಬಗ್ಗೆ ಒಂದು ವಾರ ವಿವರವಾಗಿ ಬರೆದೆ. ಅದರಲ್ಲಿ ಈ ಮನೆಯ ಹೆಸರು ಸೇರಿಸಿದ್ದನ್ನು ಮತ್ತೆ ತೆಗೆದರು. ನಿವೃತ್ತಿಯ ದಿನ ಕಚೇರಿಯವರು ನನಗೆ ಕುಂಡದಲ್ಲಿ ಒಂದು ಬಳ್ಳಿ ಗುಲಾಬಿ ಕೊಟ್ಟರು. ಬೇರೆಯವರಿಗೆ ಕೊಟ್ಟುಬಿಟ್ಟೆ.

ಈಚೆಗೆ ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಅಜ್ಜೀಪುರದಲ್ಲಿ ಇಳಿದು ವಿಚಾರಿಸಿದೆ. ಮಂಗಳಾ ಅಣ್ಣನ ಮನೆಯ ಮುಂದೆ ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಎದ್ದು, ಕೂರಲು ಜಾಗ ಮಾಡಿ, ನೀರು ಕೊಟ್ಟಳು. ಗಂಡ ಮೊದಮೊದಲು ಬಂದು ಹೋಗುತ್ತಿದ್ದ, ಬೀದಿಯವರ ಮಾತು ನಿಂತ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದ, ಈಗ ಬರುವುದಿಲ್ಲ. ಇದನ್ನೆಲ್ಲ ಬೇರೆ ಯಾರದೋ ವಿಷಯದಂತೆ ಹೇಳಿದಳು. ನಾನು ಬರೆದು ಕಳಿಸಿದ್ದ ಸಾಲನ್ನು ಕಚೇರಿಯವರು ತೆಗೆದದ್ದನ್ನು ಅವಳಿಗೆ ಹೇಳಿದೆ.

‘ಮಾವ ಕುಯ್ದಾಕ್ದಾಗ ಒಂದೆರಡ್ ಮುಳ್ ಕಡ್ಡಿ ಎತ್ಕಂಡು ಇಲ್ಗೆ ಕಳ್ಸಿದ್ದೆ ಸಾ. ಅಣ್ಣ ನೆಟ್ಟಿದ್ದ. ಬೇಸ್ಗೆ, ಬರ್ನಿಲ್ಲ’ ಎಂದಳು. ಕೆಂಪು ಗುಲಾಬಿ ಅಲ್ಲಿಯೂ ಇಲ್ಲ.

ನಾನು ಹೊರಡಲು ಎದ್ದಾಗ ಮೊರವನ್ನು ಕೆಳಗಿಟ್ಟಳು. ‘ಅವತ್ತು ಬರ್ದಿದ್ದೆ, ಅವ್ರು ಆಕ್ನಿಲ್ಲ ಅಂದ್ರಲ್ಲ. ಅದ್ನ ಎಲ್ಲಾದ್ರೂ ಆಕ್ಸಿ ಸಾ. ಅಲ್ಲಿಗ್ ವಾಪಸ್ ಓಗಕಲ್ಲ. ನನ್ನತ್ರ ಮಡಿಕಳಕ್ಕೆ.’

ಬರೆಯುತ್ತೇನೆಂದು ಸಿದ್ದರಾಜು ಅವರಿಗೂ ಮುಂಚಿತವಾಗಿ ತಿಳಿಸಬೇಕಿತ್ತು. ಆ ಬೀದಿಗೆ ಹೋದೆ. ಗೋಡೆಯ ಮೇಲೆ ಬಿಳಿ ಹೂವಿನ ಕಾಲ ಮುಗಿದಿತ್ತು. ಕಡ್ಡಿಗಳನ್ನು ಬಟ್ಟೆಯ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿದ್ದರು, ಗೌರಮ್ಮ ಕಟ್ಟುತ್ತಿದ್ದ ಹಾಗೆಯೇ ಅಡ್ಡಡ್ಡ. ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಈ ಸಲ ಮಗ್ಗದ ಸದ್ದು ನಿಲ್ಲಲಿಲ್ಲ. ಬೇಡ ಎಂದೂ ಅವರು ಹೇಳಲಿಲ್ಲ.

ನಾನು ಅಂದು ಕಳಿಸಿದ ಸುದ್ದಿ ಇದು:

ಕೊಳ್ಳೇಗಾಲ: ಪಟ್ಟಣದ ನೇಕಾರರ ಬೀದಿಯ ದಿವಂಗತ ಗೌರಮ್ಮ ಅವರ ಮನೆಯ ಕೆಂಪು ಗುಲಾಬಿ ಗಿಡದಲ್ಲಿ ಬಿಳಿ ಹೂವು ಬಿಟ್ಟಿರುವುದು ಪವಾಡವಲ್ಲ, ಕೆಂಪು ಹೂವಿನ ಕಡ್ಡಿಗಳನ್ನು ಕತ್ತರಿಸಿದ್ದರಿಂದ ಕಸಿಯ ಕೆಳಗಿನ ಕಾಡುಗಿಡ ಬೆಳೆದು ಹೂವಾಗಿದೆ. ಹಾಸಿನ ನೂಲಿಗೆ ಮುಳ್ಳು ಸಿಕ್ಕದಿರಲೆಂದು ಆ ಕಡ್ಡಿಗಳನ್ನು ತಾವೇ ಕತ್ತರಿಸಿದ್ದಾಗಿ ಗೌರಮ್ಮ ಅವರ ಪತಿ ಸಿದ್ದರಾಜು ತಿಳಿಸಿದ್ದಾರೆ. ಸೊಸೆ ಮಂಗಳಾ ಗಿಡಕ್ಕೆ ನೀರು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.